ನೆರೆ ಬೇಡುವ ಪೊದೆ: ವರ್ಜೀನಿಯಾ ಸ್ಪೈರಿಯಾದ ಗುರುತು ಮತ್ತು ಉಳಿವು

ಅಮೆರಿಕದ ದಕ್ಷಿಣ ಅಪಲೇಚಿಯನ್ ಬೆಟ್ಟಗಳಲ್ಲಿ, ಓಹಾಯೋ ನದಿಯನ್ನು ಸೇರುವ ಕೆಲವೇ ಹೊಳೆಗಳ ದಂಡೆಯಲ್ಲಿ ಉಳಿದಿರುವ ವರ್ಜೀನಿಯಾ ಸ್ಪೈರಿಯಾ ಗುಲಾಬಿ ಕುಟುಂಬದ ಪೊದೆ. ಸಸ್ಯವಿಜ್ಞಾನಿ ಬ್ರಿಟನ್ 1890ರಲ್ಲಿ ಇದನ್ನು ಹೊಸ ಜಾತಿಯೆಂದು ವಿವರಿಸಿದರು. 1990ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಇದನ್ನು ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೆ ಸೇರಿಸಿತು. 1992ರಲ್ಲಿ ಪುನಶ್ಚೇತನ ಯೋಜನೆಯೂ ಸಿದ್ಧವಾಯಿತು. ಇಂಥ ಗಿಡದ ಸಂರಕ್ಷಣೆಯೆಂದರೆ ಪೊದೆಗಳನ್ನು ಎಣಿಸಿ, ಬೇಲಿ ಕಟ್ಟಿ, ನರ್ಸರಿಯಲ್ಲಿ ಸಸಿ ಮಾಡುವ ಕೆಲಸವೆಂಬ ಕಲ್ಪನೆ ವ್ಯಾಪಕವಾಗಿದೆ. ಈ ಜಾತಿಯ ಮಟ್ಟಿಗೆ ಅದು ಸಾಲದು ಎಂಬುದು ನನ್ನ ವಾದ. ಇಲ್ಲಿ ಗುರುತಿಸಬೇಕಾದದ್ದು ಕಣ್ಣಿಗೆ ಕಾಣುವ ಪೊದೆಯನ್ನಷ್ಟೇ ಅಲ್ಲ, ಅದರೊಳಗಿನ ಅನುವಂಶೀಯ ವ್ಯಕ್ತಿಯನ್ನು. ಕಾಪಾಡಬೇಕಾದದ್ದು ದಂಡೆಯನ್ನಷ್ಟೇ ಅಲ್ಲ, ಆ ದಂಡೆಯನ್ನು ಆಗಾಗ ಉಜ್ಜಿ ತೊಳೆಯುವ ನೆರೆಯನ್ನು.

ಗುರುತಿನ ತೊಡಕು ಎಲೆಯಿಂದಲೇ ಶುರುವಾಗುತ್ತದೆ. ಈ ಜಾತಿಯ ಎಲೆಯ ಅಂಚು ಕೆಲವೊಮ್ಮೆ ನುಣುಪು, ಕೆಲವೊಮ್ಮೆ ತುದಿಯತ್ತ ಮಾತ್ರ ಹಲ್ಲುಹಲ್ಲು. ಅಗಲವೂ ಒಂದೇ ಸಮನಿಲ್ಲ. ಹೂಗೊಂಚಲು ಮಾತ್ರ ಸ್ಪಷ್ಟ ಸಾಕ್ಷಿ: ಬೇಸಿಗೆಯ ಮೊದಲ ಭಾಗದಲ್ಲಿ ಅರಳುವ, ಕೆನೆಬಿಳಿ ಬಣ್ಣದ, ಮೇಲ್ಭಾಗ ಚಪ್ಪಟೆಯಾದ ಗೊಂಚಲು. ಅದೇ ಪ್ರದೇಶದ ಇತರ ಸ್ಥಳೀಯ ಸ್ಪೈರಿಯಾಗಳ ಪೈಕಿ ಆಲ್ಬಾ ಮತ್ತು ಟೊಮೆಂಟೋಸಾಗಳ ಗೊಂಚಲು ಶಂಕುವಿನಂತೆ ಮೇಲಕ್ಕೆ ಕಿರಿದಾಗುತ್ತದೆ. ಟೊಮೆಂಟೋಸಾದ ಎಲೆಯಡಿ ತುಪ್ಪಳವೂ ಉಂಟು. ನಿಜವಾದ ಗೊಂದಲ ಜಪಾನೀ ಸ್ಪೈರಿಯಾದ್ದು. ತೋಟದ ಅಲಂಕಾರಕ್ಕೆಂದು ಬಂದು ಕಾಡುಬಿದ್ದ ಈ ಗಿಡದ ಗೊಂಚಲೂ ಚಪ್ಪಟೆ, ಹೂ ಮಾತ್ರ ಸಾಮಾನ್ಯವಾಗಿ ಗುಲಾಬಿ ಬಣ್ಣದ್ದು. ಹೂವಿಲ್ಲದ ಕಾಲದಲ್ಲಿ ಸಮೀಕ್ಷೆ ನಡೆಸಿದರೆ ಎರಡು ಬಗೆಯ ತಪ್ಪಿಗೂ ಎಡೆಯಿದೆ: ಆಕ್ರಮಣಕಾರಿ ಗಿಡವನ್ನು ಅಪರೂಪದ್ದೆಂದು ಕಾಪಾಡಬಹುದು, ಅಪರೂಪದ್ದನ್ನು ಕಳೆಯೆಂದು ಕೀಳಬಹುದು. ಎರಡನೆಯ ತಪ್ಪಿಗೆ ಪರಿಹಾರವಿಲ್ಲ.

ಜಾತಿ ಖಚಿತವಾದ ಮೇಲೂ ಎಣಿಕೆ ಸುಲಭವಲ್ಲ. ಈ ಪೊದೆ ನೆಲದಡಿಯ ಕಾಂಡದಿಂದ ಹಬ್ಬುತ್ತದೆ. ನೆರೆಯಲ್ಲಿ ಮುರಿದ ತುಂಡು ಕೆಳಗೆಲ್ಲೋ ಬಂಡೆಯ ಸಂದಿಗೆ ಸಿಕ್ಕಿ ಬೇರು ಬಿಡುತ್ತದೆ. ಬೀಜದಿಂದ ಹುಟ್ಟಿದ ಸಸಿ ನಿಸರ್ಗದಲ್ಲಿ ಕಾಣುವುದು ತೀರಾ ವಿರಳ. ಹಾಗಾಗಿ ದಂಡೆಯುದ್ದಕ್ಕೂ ಎದ್ದು ನಿಂತ ಹಲವಾರು ಕಾಂಡಗಳು ಒಂದೇ ವ್ಯಕ್ತಿಯ ತದ್ರೂಪಿಗಳಾಗಿರಬಹುದು. ಅನುವಂಶೀಯ ಅಧ್ಯಯನಗಳು ಈ ಅನುಮಾನವನ್ನು ದೃಢಪಡಿಸಿವೆ: ಅನೇಕ ತಾಣಗಳಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ಜೀನೋಟೈಪ್‌ಗಳು, ಅಂದರೆ ಅನುವಂಶೀಯವಾಗಿ ಬೇರೆಬೇರೆಯಾದ ವ್ಯಕ್ತಿಗಳು. ಕಾಂಡಗಳ ಸಂಖ್ಯೆ ಏರಿದ್ದನ್ನೇ ಚೇತರಿಕೆಯ ಲಕ್ಷಣವೆನ್ನುವ ವರದಿ ಆದ್ದರಿಂದ ದಾರಿ ತಪ್ಪಿಸುತ್ತದೆ. ಕಡ್ಡಿ ನೆಟ್ಟರೆ ಸುಲಭವಾಗಿ ಚಿಗುರುವ ಗಿಡಕ್ಕೆ ಅಳಿವಿನ ಭಯವೇಕೆ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಒಂದೇ ಪೊದೆಯ ಕಡ್ಡಿಗಳಿಂದ ನೂರು ಗಿಡ ಮಾಡಿದರೂ ಅನುವಂಶೀಯವಾಗಿ ಅವು ಒಂದೇ. ಹೊಸ ರೋಗವೋ ಬದಲಾದ ಹವೆಯೋ ಒಂದನ್ನು ಕೊಲ್ಲಬಲ್ಲುದಾದರೆ ನೂರನ್ನೂ ಕೊಲ್ಲಬಲ್ಲುದು. ನಮ್ಮ ಪಶ್ಚಿಮ ಘಟ್ಟದ ಹೊಳೆಬಂಡೆಗಳ ನಡುವೆ ಬೆಳೆಯುವ ಹೊಮೊನೋಯಿಯಾ ರಿಪಾರಿಯಾದಲ್ಲಿ ಈ ಎಚ್ಚರ ಇನ್ನೂ ನೇರವಾಗಿ ಅನ್ವಯಿಸುತ್ತದೆ. ಅದು ಅಷ್ಟು ಅಪರೂಪದ್ದಲ್ಲ ನಿಜ, ಆದರೆ ಗಂಡು ಹೆಣ್ಣು ಗಿಡಗಳು ಬೇರೆ ಬೇರೆ. ದಂಡೆ ಹಸಿರಾಗಿಸಲು ಒಂದೇ ಗಿಡದ ಕಡ್ಡಿಗಳನ್ನು ನೆಟ್ಟರೆ ಅಲ್ಲಿ ಬೀಜ ಕಟ್ಟುವ ಮಾತೇ ಇಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನೆರೆಯ ಕುರಿತದ್ದು. ಪೊದೆಯನ್ನು ಬುಡಸಮೇತ ಕಿತ್ತೊಯ್ಯಬಲ್ಲ ಪ್ರವಾಹವನ್ನು ರಕ್ಷಕನೆನ್ನುವುದು ಹೇಗೆ? ಇದರಲ್ಲಿ ಸತ್ಯವಿದೆ: ಮಿತಿಮೀರಿದ ನೆರೆ ಇಡೀ ತಾಣವನ್ನೇ ಅಳಿಸಬಹುದು. ಆದರೆ ನೆರೆಯೇ ಬಾರದ ದಂಡೆಯಲ್ಲಿ ಮರಗಳೂ ಬಳ್ಳಿಗಳೂ ಆಳೆತ್ತರ ಮೀರಿ ಬೆಳೆದು ಬಿಸಿಲನ್ನು ಕಸಿದುಕೊಳ್ಳುತ್ತವೆ. ನೆರಳಿಗೆ ಸಿಕ್ಕ ಸ್ಪೈರಿಯಾ ಹೂ ಬಿಡುವುದನ್ನು ಕಡಿಮೆ ಮಾಡಿ ಕ್ರಮೇಣ ಸೊರಗುತ್ತದೆ. ಮರಗಳು ತಾಳಲಾರದ, ಆದರೆ ಬಳುಕುವ ಕಾಂಡವೂ ಬಂಡೆಯ ಬಿರುಕಿಗೆ ಇಳಿದ ಬೇರೂ ತಾಳಬಲ್ಲ ಹೊಡೆತವೇ ಇದರ ಬದುಕಿನ ಜಾಗವನ್ನು ತೆರೆದಿಡುತ್ತದೆ. ಉತ್ತರ ಕೆರೊಲಿನಾದ ಚೀಯೋವಾ ನದಿಯ ಕಥೆ ಈ ದೃಷ್ಟಿಯಿಂದ ಬಹುಮುಖ್ಯ. 1928ರಲ್ಲಿ ಮುಗಿದ ಸ್ಯಾಂಟೀಟ್ಲಾ ಅಣೆಕಟ್ಟೆ ನೀರನ್ನು ಕೊಳವೆಗಳ ಮೂಲಕ ವಿದ್ಯುದಾಗಾರಕ್ಕೆ ತಿರುಗಿಸಿತು. ಕೆಳಗಿನ ಪಾತ್ರದಲ್ಲಿ ದಶಕಗಟ್ಟಲೆ ಹರಿವು ತೀರ ಕ್ಷೀಣಿಸಿ, ಗಿಡಮರಗಳು ಪಾತ್ರದೊಳಕ್ಕೇ ಇಳಿದವು. ಪರವಾನಗಿ ನವೀಕರಣದ ಬಳಿಕ, 2005ರಿಂದ, ವರ್ಷದಲ್ಲಿ ಕೆಲವು ಬಾರಿ ಹೆಚ್ಚು ನೀರು ಬಿಡುವ ಏರ್ಪಾಡಾಯಿತು. ಆ ದಂಡೆಯಲ್ಲಿ ಸ್ಪೈರಿಯಾ ಇದ್ದುದರಿಂದ ಹರಿವಿನ ಚರ್ಚೆಯಲ್ಲಿ ಅದರ ಹೆಸರೂ ಸೇರಿತು. ಒಂದು ಪೊದೆಯ ಅಗತ್ಯ ಅಣೆಕಟ್ಟೆಯ ಬಾಗಿಲು ತೆರೆಯುವ ವೇಳಾಪಟ್ಟಿಯವರೆಗೆ ತಲುಪಿದ್ದನ್ನು ನಾನು ದೊಡ್ಡ ಗೆಲುವೆಂದೇ ಎಣಿಸುತ್ತೇನೆ.

ಹಾಗೆಂದು ನೀರು ಬಿಟ್ಟೊಡನೆ ಎಲ್ಲ ಸರಿಹೋಗುವುದಿಲ್ಲ. ಬೇರೂರಲು ಬೇಕಾದ ಮರಳು ಜಲ್ಲಿಯನ್ನು ಅಣೆಕಟ್ಟೆ ತನ್ನ ಹಿಂದೆಯೇ ತಡೆದುಕೊಂಡಿರುತ್ತದೆ. ದಶಕಗಳ ಕಾಲ ಬಲಿತ ಮರವನ್ನು ಸಾಧಾರಣ ನೆರೆ ಕೀಳಲಾರದು. ಅಂಥಲ್ಲಿ ನೆರಳು ಹಾಕುವ ಮರಬಳ್ಳಿಗಳನ್ನು ಕೈಯಾರೆ ಕಡಿಯಬೇಕು, ಜಪಾನೀ ಸ್ಪೈರಿಯಾವನ್ನು ಹೂಬಿಟ್ಟಾಗಲೇ ಗುರುತಿಸಿ, ಬೀಜ ಬಲಿಯುವ ಮುನ್ನ ತೆಗೆಯಬೇಕು. ನರ್ಸರಿಗೂ ಪಾತ್ರವುಂಟು, ಆದರೆ ಪ್ರತಿಯೊಂದು ಹೊಳೆಯ ಪ್ರತಿಯೊಂದು ಜೀನೋಟೈಪ್ ಅನ್ನು ಮೂಲದ ದಾಖಲೆಯೊಂದಿಗೆ ಬೇರೆಬೇರೆಯಾಗಿ ಉಳಿಸಿಕೊಳ್ಳುವ ಸಂಗ್ರಹವಾಗಿ ಮಾತ್ರ. ಒಂದು ಹೊಳೆಯ ಗಿಡವನ್ನು ಇನ್ನೊಂದರಲ್ಲಿ ನೆಟ್ಟು ಬೀಜೋತ್ಪತ್ತಿಗೆ ದಾರಿ ಮಾಡಬೇಕೇ ಎಂಬ ನಿರ್ಧಾರಕ್ಕೆ ಮೊದಲು ತೋಟದ ಮಡಿಗಳಲ್ಲಿ ಆ ಗಿಡಗಳನ್ನು ಪರಸ್ಪರ ಸಂಕರಿಸಿ, ಹುಟ್ಟಿದ ಸಸಿಗಳ ಕಸುವನ್ನು ಅಳೆದು ನೋಡುವುದು ಅಗತ್ಯ.