ಬೇಸ್‌ಬಾಲ್ ಕಾರ್ಡ್: ಕಸದ ಬುಟ್ಟಿ ಸೇರಿದ ರಟ್ಟು, ಕೋಟಿ ಬೆಲೆಯ ಸೊತ್ತು

ಉದ್ದ ಎರಡೂವರೆ ಇಂಚಿಗಿಂತ ತುಸು ಹೆಚ್ಚು, ಅಗಲ ಸುಮಾರು ಒಂದೂವರೆ ಇಂಚು. ಸಿಗರೇಟು ಪೊಟ್ಟಣ ಬಾಗದಿರಲೆಂದು ಅದರೊಳಗೆ ಇರಿಸುತ್ತಿದ್ದ ರಟ್ಟಿನ ತುಂಡು ಅದು. 2022ರ ಆಗಸ್ಟ್ ತಿಂಗಳಲ್ಲಿ ಅಂಥ ಒಂದು ತುಂಡು 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು! ಅದೇ ತಿಂಗಳ ಕೊನೆಯಲ್ಲಿ ಮತ್ತೊಂದು ಕಾರ್ಡು 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಗಿ, ಅಲ್ಲಿಯವರೆಗಿನ ಎಲ್ಲ ಕ್ರೀಡಾ ಕಾರ್ಡುಗಳ ದಾಖಲೆಯನ್ನು ಮುರಿಯಿತು.

ಮೊದಲನೆಯದು ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಚಿತ್ರವಿರುವ, ಶತಮಾನಕ್ಕೂ ಹಳೆಯದಾದ ಕಾರ್ಡು. ಎರಡನೆಯದು ಮಿಕ್ಕಿ ಮ್ಯಾಂಟಲ್‌ನ 1952ರ ಕಾರ್ಡು. ಅಮೆರಿಕದ ಬಾಲಕರು ಆಡಿ, ಹರಿದು, ಎಸೆದ ಈ ಚಿತ್ರಗಳಿಗೆ ಇಷ್ಟು ಬೆಲೆ ಬಂದದ್ದಾದರೂ ಹೇಗೆ?

ಸಿಗರೇಟಿನಿಂದ ಚೂಯಿಂಗ್ ಗಮ್‌ವರೆಗೆ

ಬಬಲ್ ಗಮ್ ಜೊತೆ ದೊರೆಯುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನು ಕೂಡಿಟ್ಟ ನೆನಪು ನಮ್ಮಲ್ಲಿ ಹಲವರಿಗೆ ಇರಬಹುದು. ಅಮೆರಿಕದಲ್ಲಿ ಈ ವ್ಯಾಪಾರ ತಂತ್ರ 19ನೇ ಶತಮಾನದಷ್ಟು ಹಳೆಯದು. 1880ರ ದಶಕದಲ್ಲಿಯೇ ಅಲ್ಲಿನ ತಂಬಾಕು ಕಂಪೆನಿಗಳು ಪೊಟ್ಟಣದೊಳಗೆ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಇರಿಸತೊಡಗಿದ್ದವು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪೆನಿ ತನ್ನ ವಿವಿಧ ಬ್ರಾಂಡ್‌ಗಳ ಮೂಲಕ ಐನೂರಕ್ಕೂ ಹೆಚ್ಚು ಬಗೆಯ ಕಾರ್ಡುಗಳನ್ನು ಹಂಚಿತು. ಈ ಸರಣಿಯೇ ಇಂದು 'ಟಿ-206' ಎಂದು ಪ್ರಸಿದ್ಧ.

ಆ ಸಂಖ್ಯೆಯನ್ನು ನೀಡಿದವರು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನ ಜೆಫರ್ಸನ್ ಬರ್ಡಿಕ್. ಸಂಧಿವಾತದಿಂದ ನರಳುತ್ತಿದ್ದ ಈ ಸಂಗ್ರಾಹಕ, ಕಾರ್ಡುಗಳನ್ನು ವರ್ಗೀಕರಿಸಿ 'ಅಮೆರಿಕನ್ ಕಾರ್ಡ್ ಕ್ಯಾಟಲಾಗ್' ಸಿದ್ಧಪಡಿಸಿದರು. 1963ರಲ್ಲಿ ನಿಧನರಾಗುವ ಮುನ್ನ ತಮ್ಮ ಮೂರು ಲಕ್ಷಕ್ಕೂ ಮಿಕ್ಕಿದ ಮುದ್ರಿತ ವಸ್ತುಗಳ ಸಂಗ್ರಹವನ್ನು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನ ಮಾಡಿದರು.

1930ರ ದಶಕದಲ್ಲಿ ತಂಬಾಕಿನ ಸ್ಥಾನವನ್ನು ಚೂಯಿಂಗ್ ಗಮ್ ಆಕ್ರಮಿಸಿತು. ಬಾಸ್ಟನ್ನಿನ ಗೌಡಿ ಕಂಪೆನಿ 1933ರಲ್ಲಿ ಹೊರತಂದ ಸರಣಿಯಲ್ಲಿ 106ನೇ ಕಾರ್ಡು ಇರಲೇ ಇಲ್ಲ. ಅದನ್ನು ಹುಡುಕುತ್ತ ಮಕ್ಕಳು ಗಮ್ ಕೊಳ್ಳುತ್ತಲೇ ಇದ್ದರು. ದೂರಿ ಪತ್ರ ಬರೆದವರಿಗೆ ಕಂಪೆನಿ ಮರುವರ್ಷ ನ್ಯಾಪ್ ಲಾಜೊಯಿ ಎಂಬ ಆಟಗಾರನ ಕಾರ್ಡನ್ನು ಆ ಸಂಖ್ಯೆಯೊಂದಿಗೆ ಅಂಚೆಯಲ್ಲಿ ಕಳುಹಿಸಿತು. ಅಂದು ಪತ್ರ ಬರೆದವರ ಕೈಸೇರಿದ ಆ ಕಾರ್ಡು ಇಂದು ಅಪರೂಪದ ವಸ್ತು.

ವ್ಯಾಗ್ನರ್ ಬೇಡವೆಂದದ್ದೇಕೆ?

ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರ್ (1874-1955) ತನ್ನ ಕಾಲದ ಅಗ್ರಗಣ್ಯ ಆಟಗಾರ. ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಪ್ರಶಸ್ತಿಯನ್ನು ಎಂಟು ಬಾರಿ ಗೆದ್ದವರು. 1936ರಲ್ಲಿ ಬೇಸ್‌ಬಾಲ್ 'ಹಾಲ್ ಆಫ್ ಫೇಮ್'ಗೆ ಆಯ್ಕೆಯಾದ ಮೊದಲ ಐವರಲ್ಲಿ ಒಬ್ಬರು.

ಟಿ-206 ಸರಣಿಯಲ್ಲಿ ತಮ್ಮ ಚಿತ್ರ ಬಳಸಲು ಅವರು ಒಪ್ಪದ ಕಾರಣ ಮುದ್ರಣ ಬೇಗನೆ ನಿಂತಿತು. ಮಕ್ಕಳು ತಮ್ಮ ಚಿತ್ರಕ್ಕಾಗಿ ಸಿಗರೇಟು ಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ ಎಂಬುದು ಪ್ರಚಲಿತ ಕಥೆ. ಆದರೆ ಸ್ವತಃ ತಂಬಾಕು ಜಗಿಯುತ್ತಿದ್ದ ವ್ಯಾಗ್ನರ್, ಸಂಭಾವನೆ ಸಿಗದಿದ್ದುದಕ್ಕೆ ನಿರಾಕರಿಸಿದರು ಎನ್ನುವವರೂ ಇದ್ದಾರೆ. ಕಾರಣ ಏನೇ ಇರಲಿ, ಉಳಿದಿರುವ ಕಾರ್ಡುಗಳು ಸುಮಾರು 60 ಮಾತ್ರ. 1930ರ ದಶಕದಲ್ಲಿ ಬರ್ಡಿಕ್ ಇದಕ್ಕೆ 50 ಡಾಲರ್ ಬೆಲೆ ನಮೂದಿಸಿದ್ದರು. ಅಂದಿಗೆ ಅದೇ ದುಬಾರಿ!

ಸಮುದ್ರದ ಪಾಲಾದ ಪೆಟ್ಟಿಗೆಗಳು

ಮ್ಯಾಂಟಲ್ ಕಾರ್ಡಿನ ಕಥೆ ಬೇರೆ. 1951ರಲ್ಲಿ ಬ್ರೂಕ್ಲಿನ್‌ನ ಟಾಪ್ಸ್ ಕಂಪೆನಿಯ ಉದ್ಯೋಗಿ ಸೈ ಬರ್ಗರ್ ತಮ್ಮ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ಹೊಸ ಮಾದರಿಯನ್ನು ರೂಪಿಸಿದರು. ಮುಂಬದಿಯಲ್ಲಿ ವರ್ಣಚಿತ್ರ, ಸಹಿ, ತಂಡದ ಲಾಂಛನ. ಹಿಂಬದಿಯಲ್ಲಿ ಆಟಗಾರನ ಅಂಕಿ-ಅಂಶ. 1952ರ ಈ ಸರಣಿಯಲ್ಲಿದ್ದವು 407 ಕಾರ್ಡುಗಳು. ಮ್ಯಾಂಟಲ್‌ನದು 311ನೇ ಸಂಖ್ಯೆ.

ಸರಣಿಯ ಕೊನೆಯ ಕಂತು ಮಾರುಕಟ್ಟೆಗೆ ಬರುವಷ್ಟರಲ್ಲಿ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು. ಮಾಲು ಖರ್ಚಾಗಲಿಲ್ಲ. ವರ್ಷಗಟ್ಟಲೆ ಗೋದಾಮಿನಲ್ಲಿ ಕೊಳೆಯುತ್ತಿದ್ದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ಹೇರಿಸಿ, ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿದ್ದಾಗಿ ಬರ್ಗರ್ ಮುಂದೆ ಹೇಳಿಕೊಂಡರು. ಮನೆಗಳಲ್ಲಿದ್ದ ಕಾರ್ಡುಗಳ ಗತಿಯೂ ಭಿನ್ನವಾಗಿರಲಿಲ್ಲ. ಮಕ್ಕಳು ದೊಡ್ಡವರಾದಂತೆ ತಾಯಂದಿರು ಅವನ್ನು ಕಸಕ್ಕೆ ಹಾಕಿದರು. ಉಳಿದವುಗಳ ಬೆಲೆ ಏರಿದ್ದರ ಗುಟ್ಟು ಇಲ್ಲಿದೆ.

ಇದು ಮ್ಯಾಂಟಲ್‌ನ ಮೊದಲ ಕಾರ್ಡೂ ಅಲ್ಲ ಎಂಬುದು ಗಮನಾರ್ಹ. ಬೌಮನ್ ಕಂಪೆನಿ 1951ರಲ್ಲಿಯೇ ಆತನ ಕಾರ್ಡು ಹೊರತಂದಿತ್ತು. ಆದರೂ ಸಂಗ್ರಾಹಕರ ಮನಗೆದ್ದದ್ದು ಟಾಪ್ಸ್ ಕಾರ್ಡು.

ದರ್ಜೆಗೆ ತಕ್ಕ ಬೆಲೆ

ಬೆಲೆ ನಿರ್ಧರಿಸುವ ಮುಖ್ಯ ಅಂಶಗಳು ಮೂರು: ಆಟಗಾರನ ಕೀರ್ತಿ, ಕಾರ್ಡಿನ ವಿರಳತೆ ಮತ್ತು ಅದರ ಸ್ಥಿತಿ. ಮೂಲೆಗಳು ಚೂಪಾಗಿವೆಯೇ, ಅಂಚು ಸವೆದಿದೆಯೇ, ಚಿತ್ರ ನಟ್ಟನಡುವೆ ಮುದ್ರಣವಾಗಿದೆಯೇ, ಮೇಲ್ಮೈಯಲ್ಲಿ ಗೆರೆ, ಮಡಿಕೆ ಇವೆಯೇ ಎಂಬುದನ್ನು ಪಿಎಸ್‌ಎ, ಎಸ್‌ಜಿಸಿಯಂಥ ಸಂಸ್ಥೆಗಳು ಪರೀಕ್ಷಿಸಿ, 1ರಿಂದ 10ರವರೆಗೆ ದರ್ಜೆ ನೀಡುತ್ತವೆ. ಬಳಿಕ ಕಾರ್ಡನ್ನು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಮುದ್ರೆ ಒತ್ತುತ್ತವೆ.

72.5 ಲಕ್ಷ ಡಾಲರ್ ಬಾಳಿದ ವ್ಯಾಗ್ನರ್ ಕಾರ್ಡಿನ ದರ್ಜೆ ಕೇವಲ 2. ಅತಿ ವಿರಳವಾದ್ದರಿಂದ ಸವೆದರೂ ಬೇಡಿಕೆ ಕುಗ್ಗಿಲ್ಲ. ಮ್ಯಾಂಟಲ್ ಕಾರ್ಡು ಅಷ್ಟು ವಿರಳವಲ್ಲ. ಅಲ್ಲಿ ಸ್ಥಿತಿಯೇ ಸರ್ವಸ್ವ. ದಾಖಲೆ ಬೆಲೆ ಪಡೆದ ಪ್ರತಿಯ ದರ್ಜೆ 9.5. ಅದರ ಮಾಲೀಕರು 1991ರಲ್ಲಿ ಅದಕ್ಕೆ ಕೊಟ್ಟದ್ದು 50 ಸಾವಿರ ಡಾಲರ್.

ಕತ್ತರಿ ಆಡಿದ ಅಂಚು

ಒಂದು ಅಂಕದ ಅಂತರಕ್ಕೆ ಲಕ್ಷಾಂತರ ಡಾಲರ್ ವ್ಯತ್ಯಾಸವಾಗುವಲ್ಲಿ ವಂಚನೆಗೂ ದಾರಿ ತೆರೆದಿರುತ್ತದೆ. ಇದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಕಾರ್ಡೇ ಸಾಕ್ಷಿ.

ವ್ಯಾಗ್ನರ್ ಕಾರ್ಡುಗಳಲ್ಲೇ ಅತ್ಯಂತ ಸುಸ್ಥಿತಿಯದೆಂದು ಹೆಸರಾದ ಪ್ರತಿಯನ್ನು 1991ರಲ್ಲಿ ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್ಕಿ ತಮ್ಮ ತಂಡದ ಮಾಲೀಕರೊಡನೆ ಸೇರಿ 4.51 ಲಕ್ಷ ಡಾಲರ್‌ಗೆ ಕೊಂಡರು. ಪಿಎಸ್‌ಎ ಮೊಟ್ಟಮೊದಲು ದರ್ಜೆ ನೀಡಿದ ಕಾರ್ಡು ಇದೇ, ದೊರೆತದ್ದು 8. ಮುಂದೆ ಇದು ಮಳಿಗೆಯೊಂದರ ಅದೃಷ್ಟ ಸ್ಪರ್ಧೆಯ ಬಹುಮಾನವಾಗಿ ಅಂಚೆ ನೌಕರರೊಬ್ಬರ ಪಾಲಾಯಿತು. ತೆರಿಗೆ ಕಟ್ಟಲಾಗದೆ ಅವರು 1996ರಲ್ಲಿ ಅದನ್ನು ಹರಾಜಿಗಿಟ್ಟರು. 2000ದಲ್ಲಿ 12.65 ಲಕ್ಷ ಡಾಲರ್ ತಲುಪಿದ ಬೆಲೆ 2007ರಲ್ಲಿ 28 ಲಕ್ಷಕ್ಕೇರಿತು.

ಕಾರ್ಡಿನ ಅಂಚು ಅಷ್ಟೊಂದು ನೇರವಾಗಿರುವ ಬಗ್ಗೆ ಗುಸುಗುಸು ಮೊದಲಿನಿಂದಲೂ ಇತ್ತು. 1980ರ ದಶಕದಲ್ಲಿ ಅದನ್ನು ಕೊಂಡು ಮಾರಿದ್ದ ಹರಾಜುದಾರ ಬಿಲ್ ಮಾಸ್ಟ್ರೊ, ವಂಚನೆ ಪ್ರಕರಣದಲ್ಲಿ 2013ರಲ್ಲಿ ತಪ್ಪೊಪ್ಪಿಕೊಂಡಾಗ, ಕಾರ್ಡಿನ ಅಂಚನ್ನು ತಾವೇ ಕತ್ತರಿಸಿದ್ದಾಗಿ ಬಹಿರಂಗಪಡಿಸಿದರು. ಹರಾಜಿನಲ್ಲಿ ಸುಳ್ಳು ಬಿಡ್ ಕೂಗಿಸಿ ಬೆಲೆ ಏರಿಸಿದ್ದೂ ಹೊರಬಂತು. 2015ರಲ್ಲಿ ಅವರಿಗೆ 20 ತಿಂಗಳ ಸೆರೆವಾಸ ವಿಧಿಸಲಾಯಿತು.

ಕತ್ತರಿಸಿದ ಕಾರ್ಡಿಗೆ ಅಂಕ ನೀಡಬಾರದೆಂಬುದು ದರ್ಜೆ ನಿರ್ಣಯದ ಮೂಲ ನಿಯಮ. ಆ ಪದ್ಧತಿಯ ಪ್ರಥಮ ಕಾರ್ಡೇ ನಿಯಮಕ್ಕೆ ಹೊರತಾಗಿತ್ತು ಎಂಬುದು ವಿಪರ್ಯಾಸ.

ಹಳೆಯದೆಲ್ಲ ಹೊನ್ನಲ್ಲ

ಬೆಲೆ ಏರಿಕೆಯ ಸುದ್ದಿ ಹರಡಿದಂತೆ 1980ರ ದಶಕದ ಉತ್ತರಾರ್ಧದಲ್ಲಿ ಕಂಪೆನಿಗಳು ಲೆಕ್ಕವಿಲ್ಲದಷ್ಟು ಕಾರ್ಡು ಮುದ್ರಿಸಿದವು. ಜನರೂ 'ಮಕ್ಕಳ ಓದಿಗಾಯಿತು' ಎಂದು ಪೆಟ್ಟಿಗೆಗಟ್ಟಲೆ ಕೊಂಡು ಜತನವಾಗಿ ಕಾಯ್ದಿಟ್ಟರು. ಯಾರೂ ಎಸೆಯಲಿಲ್ಲ, ಹಾಗಾಗಿ ಯಾವುದೂ ವಿರಳವಾಗಲಿಲ್ಲ. ಆ ಕಾಲದ ಬಹುತೇಕ ಕಾರ್ಡುಗಳಿಗೆ ಇಂದು ಕೊಳ್ಳುವವರಿಲ್ಲ.

ಹಳೆಯ ಕಾರ್ಡೊಂದು ಕೈಗೆ ಸಿಕ್ಕರೆ ಅದನ್ನು ಒರೆಸುವುದು, ಮಡಿಕೆ ತೀಡುವುದು, ಅಂಚು ಸರಿಪಡಿಸುವುದು ಸಲ್ಲದು. ಇದರಿಂದ ಬೆಲೆ ಕುಸಿಯುತ್ತದೆ. ಪ್ರಸಿದ್ಧ ಕಾರ್ಡುಗಳ ಮರುಮುದ್ರಣಗಳು ಧಾರಾಳವಾಗಿವೆ. ಕವಚದ ಮೇಲಿನ ಪ್ರಮಾಣಪತ್ರ ಸಂಖ್ಯೆಯನ್ನು ದರ್ಜೆ ನೀಡಿದ ಸಂಸ್ಥೆಯ ದಾಖಲೆಯೊಂದಿಗೆ ತಾಳೆ ನೋಡದೆ ಹಣ ಕೊಡುವುದು ಜಾಣತನವಲ್ಲ.

ರಟ್ಟಿಗೆ ಸ್ವಂತ ಬೆಲೆಯೇನೂ ಇಲ್ಲ. ಅದು ಅಪ್ಪಟವೆಂಬ ನಂಬಿಕೆಗೆ ಸಂಗ್ರಾಹಕರು ಬೆಲೆ ತೆರುತ್ತಾರೆ. ಆ ನಂಬಿಕೆಗೆ ಕತ್ತರಿ ಬಿದ್ದಾಗ ನಷ್ಟವಾಗುವುದು ಒಂದು ಕಾರ್ಡಿಗೆ ಮಾತ್ರವಲ್ಲ, ಇಡೀ ಹವ್ಯಾಸಕ್ಕೆ.