ಗುಲ್ಬರ್ಗದ ತಂಡದಲ್ಲಿ ನಮ್ಮವರು ಯಾರು?

2025ರ ಜುಲೈ ತಿಂಗಳಲ್ಲಿ ಮಹಾರಾಜ ಟ್ರೋಫಿ ಟಿ20 ಟೂರ್ನಿಯ ಹರಾಜಿಗೆ ಮುಂಚೆ ಗುಲ್ಬರ್ಗ ಮಿಸ್ಟಿಕ್ಸ್ ತಂಡ ತಾನು ಉಳಿಸಿಕೊಳ್ಳುವ ನಾಲ್ವರ ಹೆಸರು ಹೇಳಿತು. ವೈಶಾಖ ವಿಜಯಕುಮಾರ್, ಲವನೀತ್ ಸಿಸೋಡಿಯಾ, ಪ್ರವೀಣ್ ದುಬೆ, ಆರ್. ಸ್ಮರಣ್. ಹಿಂದಿನ ವರ್ಷ ಇದೇ ತಂಡದ ನಾಯಕನಾಗಿದ್ದ ದೇವದತ್ತ ಪಡಿಕ್ಕಲ್ ಹೆಸರು ಅದರಲ್ಲಿರಲಿಲ್ಲ. ಹರಾಜಿನ ದಿನ ಹುಬ್ಬಳ್ಳಿ ಟೈಗರ್ಸ್ 13.20 ಲಕ್ಷ ರೂಪಾಯಿ ಕೊಟ್ಟು ಅವರನ್ನು ಕೊಂಡುಕೊಂಡಿತು. ಆ ದಿನದ ಅತಿ ದೊಡ್ಡ ಬೆಲೆ ಅದೇ.

ಆಮೇಲೆ ಒಂದು ವಾರ ಕಲಬುರಗಿಯಲ್ಲಿ ನಾನು ಎಲ್ಲಿ ಚಹಾಕ್ಕೆ ನಿಂತರೂ ಇದೇ ಮಾತು. ಕಮಲಾಪುರ ಬಸ್ ನಿಲ್ದಾಣದ ಹತ್ತಿರ ಸುಸಲಾ, ಮಿರ್ಚಿ ತಿನ್ನುತ್ತ ಕೂತವರಲ್ಲೂ ಅದೇ ಜಗಳ. ಒಬ್ಬ ಹುಡುಗ ಸಿಟ್ಟಿನಿಂದ ಕೇಳಿದ: "ಅಲ್ರೀ ಸರ, ಕ್ಯಾಪ್ಟನ್ ಆಗಿದ್ದಂವಗೇ ಬಿಟ್ಟು ಬಿಟ್ಟಾರಂದ್ರ ಇವ್ರಿಗಿ ತಲಿ ಅದನೋ ಇಲ್ಲೋ?" ಪಕ್ಕದಲ್ಲಿದ್ದ ಹಿರಿಯರು, ಊರೆಲ್ಲ ಕಾಕಾ ಎಂದೇ ಕರೆಯುವವರು, ಬಾಯಲ್ಲಿದ್ದ ಮೆಣಸಿನಕಾಯಿ ನುಂಗಿ ನಿಧಾನವಾಗಿ ಹೇಳಿದರು: "ಅಂವ ಇಂಡಿಯಾಕ್ಕ ಆಡ್ಲಾಕ ಹೋಗಂವ ತಮ್ಮಾ. ನಮಗ ಎಷ್ಟು ದಿನ ಸಿಗ್ತಾನ? ಆ ರೊಕ್ಕದಾಗ ಮೂರು ಮಂದಿ ಬರ್ತಾರ."

ಲೆಕ್ಕ ನೋಡಿದರೆ ಕಾಕಾ ಹೇಳಿದ್ದರಲ್ಲಿ ಹುರುಳಿದೆ. ಪಡಿಕ್ಕಲ್ 2024ರ ಮಾರ್ಚಿನಲ್ಲಿ ಧರ್ಮಶಾಲಾದಲ್ಲಿ ಟೆಸ್ಟ್ ಆಡಿದವರು, ಅದೇ ವರ್ಷದ ಕೊನೆಗೆ ಪರ್ತ್‌ನಲ್ಲೂ ಆಡಿದರು. ಯಾವಾಗ ಕರೆ ಬರುತ್ತದೋ ಹೇಳಲಾಗದು. ಸ್ಮರಣ್ 2024ರಲ್ಲಿ ಮೈಸೂರಿನ ಎದುರು ಶತಕ ಹೊಡೆದ ಹುಡುಗ, ಇನ್ನೂ ಬೆಳೆಯುವವನು. ಆದರೂ ನನಗೆ ಕುತೂಹಲ ಹುಟ್ಟಿಸಿದ್ದು ಯಾರು ಸರಿ ಎನ್ನುವುದಲ್ಲ. ಒಂದೇ ಒಂದು ಪಂದ್ಯವನ್ನೂ ತಮ್ಮೂರಿನಲ್ಲಿ ನೋಡದ ಜನ ತಂಡದ ಪಟ್ಟಿಗಾಗಿ ಇಷ್ಟು ಹೊತ್ತು ಏಕೆ ಜಗಳಾಡುತ್ತಾರೆ? ಅದಕ್ಕೆ ಉತ್ತರ ಹುಡುಕಹೊರಟರೆ ಹರಾಜಿನಿಂದ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಕ್ರಿಕೆಟ್ ಭೂಪಟದಲ್ಲಿ ಗುಲ್ಬರ್ಗ ತಾನೇ ತಂಡ ಬದಲಾಯಿಸಿದ ಊರು. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಆ ಹೈದರಾಬಾದಿಗೆ ದೊಡ್ಡ ಕ್ರಿಕೆಟ್ ಪರಂಪರೆ ಇತ್ತು. 1930ರ ದಶಕದಲ್ಲೇ ಅಲ್ಲಿ ಮೊಯಿನುದ್ದೌಲಾ ಗೋಲ್ಡ್ ಕಪ್ ನಡೆಯುತ್ತಿತ್ತು, 1937-38ರಲ್ಲಿ ಹೈದರಾಬಾದ್ ರಣಜಿ ಟ್ರೋಫಿ ಗೆದ್ದಿತ್ತು. ಗುಲ್ಬರ್ಗದ ಹುಡುಗನೊಬ್ಬ ಆಗ ದೊಡ್ಡ ಕ್ರಿಕೆಟ್ ಆಡುವ ಕನಸು ಕಂಡಿದ್ದರೆ ಅವನು ಹತ್ತಬೇಕಾದ ರೈಲು ಹೈದರಾಬಾದಿನದು. ರಾಜ್ಯಗಳ ಪುನರ್ವಿಂಗಡಣೆಯಾಗಿ ಬೀದರ, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದ ಮೇಲೆ ದಾರಿ ಬೆಂಗಳೂರಿನ ಕಡೆಗೆ ತಿರುಗಿತು. ಕಲಬುರಗಿಯಿಂದ ಹೈದರಾಬಾದಿಗೆ ಇನ್ನೂರು ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಬೆಂಗಳೂರಿಗೆ ಆರುನೂರರ ಹತ್ತಿರ. ನಮ್ಮ ಕಮಲಾಪುರವಂತೂ ಹುಮನಾಬಾದ್ ರಸ್ತೆಯ ಮೇಲೇ ಇದೆ, ಹಾಗೇ ಮುಂದುವರಿದರೆ ಹೈದರಾಬಾದೇ. ಭಾಷೆಯ ಹಕ್ಕಿನಿಂದ ನಾವು ಸೇರಬೇಕಾದ ಕಡೆಗೇ ಸೇರಿದೆವು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆಟದ ಮಟ್ಟಿಗೆ ಮಾತ್ರ, ಪಕ್ಕದ ಮನೆಯ ಅಂಗಳ ಬಿಟ್ಟು ದೂರದ ನೆಂಟರ ಮನೆಯ ಅಂಗಳದಲ್ಲಿ ಆಡಲು ಕಲಿಯಬೇಕಾಯಿತು.

ಆ ನೆಂಟರ ಮನೆಯ ಹೆಸರಿನಲ್ಲೂ ನಾವು ಇರಲಿಲ್ಲ. ತಂಡ 'ಮೈಸೂರು' ಎಂದೇ ರಣಜಿ ಆಡುತ್ತಿತ್ತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು, 1973-74ರ ಋತುವಿನಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು. ಹೊಸ ಹೆಸರಿನಲ್ಲಿ ನಮ್ಮ ಭಾಗಕ್ಕೂ ಜಾಗವಾಯಿತು ಎಂದು ನಮ್ಮ ತಂದೆಯ ಓರಗೆಯವರು ಖುಷಿಪಟ್ಟಿದ್ದನ್ನು ಕೇಳಿದ್ದೇನೆ. ತಂಡದ ಹನ್ನೊಂದು ಮಂದಿಯಲ್ಲಿ ಜಾಗವಾಗುವುದು ಬೇರೆ ಮಾತು. ರಾಜ್ಯ ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ಕಲಬುರಗಿ ಬರುವುದು ರಾಯಚೂರು ವಲಯಕ್ಕೆ. ಆ ವಲಯದ ಹೆಸರು ಹೊತ್ತ ಊರಿನಿಂದ ಬಂದ ಯರೇ ಗೌಡರ ಕಥೆಯನ್ನು ಇಲ್ಲಿ ಹೇಳದಿದ್ದರೆ ಆಗದು.

ರಾಯಚೂರಿನಲ್ಲಿ 1971ರಲ್ಲಿ ಹುಟ್ಟಿದ ಯರೇ ಗೌಡ 1990ರ ದಶಕದಲ್ಲಿ ಕರ್ನಾಟಕಕ್ಕೆ ಆಡಲಾರಂಭಿಸಿದರು. ಆ ಕಾಲದ ಕರ್ನಾಟಕದ ಬ್ಯಾಟಿಂಗ್ ಸಾಲು ನೆನಪಿಸಿಕೊಳ್ಳಿ. ಅಲ್ಲಿ ಮಧ್ಯಮ ಕ್ರಮಾಂಕದಲ್ಲಿ ಒಂದು ಕುರ್ಚಿ ಖಾಲಿ ಸಿಗುವುದು ಎಂದರೆ ದಸರಾ ದಿನ ಬಸ್ಸಿನಲ್ಲಿ ಸೀಟು ಸಿಕ್ಕ ಹಾಗೆ. ಗೌಡರು ರೈಲ್ವೇಸ್ ಸೇರಿದರು. ರೈಲ್ವೇಸ್ ತಂಡ ಯಾವ ಊರಿನದೂ ಅಲ್ಲ. ಬೇರೆ ಬೇರೆ ರಾಜ್ಯಗಳಲ್ಲಿ ಜಾಗ ಸಾಲದೆ ಉಳಿದ ಆಟಗಾರರಿಗೆ ನೌಕರಿ ಕೊಟ್ಟು, ಅವರಿಂದಲೇ ಕಟ್ಟಿದ ತಂಡ. 2001-02ರಲ್ಲಿ ಒಮ್ಮೆ, 2004-05ರಲ್ಲಿ ಮತ್ತೊಮ್ಮೆ ಅದೇ ತಂಡ ರಣಜಿ ಗೆದ್ದಿತು, ಎರಡೂ ಸಲ ಗೌಡರು ಅದರ ಬ್ಯಾಟಿಂಗಿನ ಬೆನ್ನೆಲುಬಿನಲ್ಲಿದ್ದರು. ಆಗ ಕರ್ನಾಟಕಕ್ಕೆ ಅವರ ನೆನಪಾಯಿತು. 2006-07ರಲ್ಲಿ ಅವರು ಮರಳಿ ಬಂದದ್ದು ನಾಯಕರಾಗಿ! ವಾಡಿ ಜಂಕ್ಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಬಂಧುವೊಬ್ಬರು ಯರೇ ಗೌಡರನ್ನು ಕೊನೆಯವರೆಗೂ 'ನಮ್ಮ ಡಿಪಾರ್ಟ್‌ಮೆಂಟಿನವ್ರು' ಎಂದೇ ಕರೆಯುತ್ತಿದ್ದರು. ರಾಯಚೂರಿನವರು, ಕರ್ನಾಟಕದವರು ಎಂಬುದೆಲ್ಲ ಅವರಿಗೆ ಆಮೇಲಿನ ಸಂಗತಿ.

ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವ ಈ ವ್ಯವಹಾರಕ್ಕೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿದೆ. ಅದನ್ನು ಅವರು ವೇವರ್ ಎನ್ನುತ್ತಾರೆ. ನಮ್ಮ ಕಡೆ ಆ ಪದ ಕೇಳಿದರೆ ಜನ ಸಾಲಮನ್ನಾ ಎಂದುಕೊಂಡು ಕಿವಿ ನಿಮಿರಿಸುತ್ತಾರೆ, ಇರಲಿ. ತಂಡವೊಂದು ಆಟಗಾರನನ್ನು ಕೈಬಿಟ್ಟರೆ ಅವನ ಹೆಸರು ಉಳಿದ ತಂಡಗಳ ಮುಂದೆ ಬರುತ್ತದೆ. ಬೇಕೆಂದವರು ಕೇಳಬಹುದು. ಹಲವರು ಕೇಳಿದರೆ ಹೆಚ್ಚು ಸೋತ ತಂಡಕ್ಕೆ ಮೊದಲ ಹಕ್ಕು. ಕೆಳಗೆ ಬಿದ್ದವನಿಗೆ ಮೊದಲು ಕೈಕೊಡುವ ಈ ನಿಯಮ ನನಗೆ ಹಿಡಿಸಿತು. ನಮ್ಮ ಹರಾಜಿನಲ್ಲಿ ಕೈಚೀಲದ ತೂಕವೇ ಹಕ್ಕು.

ಆದರೆ ಅದೇ ಬೇಸ್‌ಬಾಲ್‌ನ ಹಳೆಯ ಚರಿತ್ರೆ ಅಷ್ಟೇನೂ ಚಂದವಿಲ್ಲ. 1879ರಲ್ಲಿ ಅಲ್ಲಿನ ತಂಡಗಳ ಮಾಲೀಕರು ಒಳಗೊಳಗೇ ಒಪ್ಪಂದ ಮಾಡಿಕೊಂಡು ತಲಾ ಐದು ಆಟಗಾರರನ್ನು 'ಕಾದಿರಿಸಿ'ಕೊಂಡರು. ಆ ಐವರನ್ನು ಬೇರೆ ಯಾರೂ ಕರೆಯುವಂತಿಲ್ಲ. ಐದು ಎಂಬುದು ಬೆಳೆಯುತ್ತ ಇಡೀ ತಂಡವಾಯಿತು, ಮಾಲೀಕ ಬಿಡುವವರೆಗೆ ಆಟಗಾರ ಅವನ ಸೊತ್ತಾದ. 1969ರಲ್ಲಿ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನು ಸೇಂಟ್ ಲೂಯಿಸ್ ತಂಡ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಿತು. ಆತ ಹೋಗಲಿಲ್ಲ, ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಮೂರು ವರ್ಷದ ನಂತರ ಬೇರೆ ಇಬ್ಬರು ಆಟಗಾರರ ತಕರಾರಿನಲ್ಲಿ ಮಧ್ಯಸ್ಥಗಾರ ಆಟಗಾರರ ಪರ ತೀರ್ಪು ಕೊಟ್ಟ. ಅಷ್ಟರಲ್ಲಿ ಫ್ಲಡ್‌ನ ಆಟದ ದಿನಗಳು ಮುಗಿದಿದ್ದವು. ಪಡಿಕ್ಕಲ್ ಹುಬ್ಬಳ್ಳಿಗೆ ಹೋದದ್ದನ್ನು ದ್ರೋಹ ಎನ್ನುವ ಹುಡುಗರಿಗೆ ನಾನು ಈ ಕಥೆ ಹೇಳುತ್ತೇನೆ. ಆಟಗಾರನಿಗೂ ತನ್ನ ಬೆಲೆ ತಿಳಿಯುವ ಒಂದು ದಿನ ಬೇಕಲ್ಲ.

ಇನ್ನು ನಮ್ಮ ತಂಡದ ಹುಟ್ಟಿನ ಕಥೆ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಆರಂಭವಾದಾಗ ಎಂಟು ತಂಡಗಳಿದ್ದವು. ಬೆಂಗಳೂರಿಗೆ ಎರಡು. ಮೈಸೂರು, ಮಂಗಳೂರು, ಮಲೆನಾಡು, ದಾವಣಗೆರೆ, ಬೆಳಗಾವಿ, ಬಿಜಾಪುರ ಎಲ್ಲಕ್ಕೂ ಒಂದೊಂದು. ಗುಲ್ಬರ್ಗ, ಬೀದರ, ರಾಯಚೂರು ಯಾವುದೂ ಇರಲಿಲ್ಲ. ನಾವು ಹತ್ತಿರದ ಬಿಜಾಪುರದವರಿಗೆ ಚಪ್ಪಾಳೆ ಹೊಡೆದೆವು, ನಂತರದ ವರ್ಷಗಳಲ್ಲಿ ಬಳ್ಳಾರಿ ಬಂದಾಗ ಬಳ್ಳಾರಿಯವರಿಗೆ. 2019ರಲ್ಲಿ ಮೋಸದಾಟದ ಆರೋಪ, ಬಂಧನಗಳಲ್ಲಿ ಆ ಲೀಗ್ ಮುಗಿಯಿತು. 2022ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ನೆನಪಿನಲ್ಲಿ ಮಹಾರಾಜ ಟ್ರೋಫಿ ಆರಂಭವಾದಾಗ ಆರು ತಂಡಗಳಲ್ಲಿ ಒಂದಕ್ಕೆ ಗುಲ್ಬರ್ಗದ ಹೆಸರು ಬಿತ್ತು. ಊರು 2014ರ ನವೆಂಬರ್ 1ರಂದೇ ಕಲಬುರಗಿ ಆಗಿತ್ತು. ತಂಡ ಮಾತ್ರ ಗುಲ್ಬರ್ಗವಾಗಿಯೇ ಉಳಿಯಿತು. ಮಿಸ್ಟಿಕ್ಸ್ ಎಂದರೆ ಅನುಭಾವಿಗಳು. ಶರಣಬಸವೇಶ್ವರರ ಗುಡಿಯೂ ಬಂದೇನವಾಜರ ದರ್ಗಾವೂ ಇರುವ ಊರಿಗೆ ಆ ಮಾತು ಒಪ್ಪುತ್ತದೆ. ಹುಲಿ, ಸಿಂಹಗಳ ನಡುವೆ ನಮ್ಮದೊಂದೇ ಸಾಧುಗಳ ತಂಡ.

ಆ ಮೊದಲ ವರ್ಷ ಮಾಲೀಕರಿರಲಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಯೇ ಎಲ್ಲ ತಂಡಗಳನ್ನು ತನ್ನ ಕೈಯಲ್ಲಿಟ್ಟುಕೊಂಡು, ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ ತಂದಿತ್ತು. ಮನೀಶ್ ಪಾಂಡೆ ನಾಯಕ, ಪಡಿಕ್ಕಲ್ ಜೊತೆಗೆ. ರಾಯಚೂರಿನಲ್ಲಿ ಹುಟ್ಟಿದ ಮನೋಜ್ ಭಾಂಡಗೆಯೂ ತಂಡದಲ್ಲಿದ್ದರು, ಅದು ನಮಗೆ ಹೆಚ್ಚಿನ ಸಂಗತಿ. ಆಗಸ್ಟ್ 26ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರಿನ ಎದುರು ಫೈನಲ್. ಗುಲ್ಬರ್ಗ 220 ರನ್ ಹೊಡೆಯಿತು. ಬೆಂಗಳೂರಿನ ಎಲ್.ಆರ್. ಚೇತನ್ 91 ಹೊಡೆದು ನಮ್ಮ ಉಸಿರು ನಿಲ್ಲಿಸಿದರು. ಕೊನೆಗೆ 11 ರನ್ನಿನಿಂದ ಗೆದ್ದೆವು. ರಾಜಧಾನಿಯನ್ನು ರಾಜಧಾನಿಯಲ್ಲೇ ಸೋಲಿಸಿದ್ದು! ಆ ರಾತ್ರಿ ಫೋನ್ ಮಾಡಿದ ಗೆಳೆಯನೊಬ್ಬ ಬಹಳ ಹೊತ್ತು ಮಾತೇ ಆಡಲಿಲ್ಲ, ಬರೀ ನಕ್ಕ.

ಮರುವರ್ಷ ಮಾಲೀಕರು ಬಂದರು, ಹರಾಜು ಬಂತು. ಪಾಂಡೆ ಹುಬ್ಬಳ್ಳಿಯ ಪಾಲಾದರು, ಅಲ್ಲಿಯೂ ನಾಯಕರಾಗಿ 2023ರ ಟ್ರೋಫಿಯನ್ನು ಹುಬ್ಬಳ್ಳಿಗೆ ಕೊಟ್ಟರು. ಭಾಂಡಗೆ 2024ರಲ್ಲಿ ಮೈಸೂರಿನವರಾಗಿ ಚಾಂಪಿಯನ್ ಆದರು. ಎರಡು ವರ್ಷದ ನಂತರ ಪಡಿಕ್ಕಲ್ ಕೂಡ ಹುಬ್ಬಳ್ಳಿಗೆ ಹೋದಾಗ ಕಮಲಾಪುರದ ಕಾಕಾ ಅಂದದ್ದು ಹೀಗೆ: "ನಾವು ಹೊಲ ಹಸನು ಮಾಡ್ತೀವಿ, ಹುಬ್ಬಳ್ಳ್ಯಾಗಿನವ್ರು ರಾಶಿ ಮಾಡ್ತಾರ."

ಸ್ಮರಣ್ ವಿಷಯದಲ್ಲಿ ಇನ್ನೊಂದು ತಮಾಷೆ ನಡೆಯಿತು. 2025ರ ಏಪ್ರಿಲ್‌ನಲ್ಲಿ ಐಪಿಎಲ್‌ನ ನಡುವೆ ಗಾಯಗೊಂಡ ಆ್ಯಡಂ ಜಂಪಾ ಬದಲಿಗೆ ಸನ್‌ರೈಸರ್ಸ್ ಹೈದರಾಬಾದ್ ಈ ಹುಡುಗನನ್ನು ಕರೆಸಿಕೊಂಡಿತು. ಪಂದ್ಯ ಆಡುವ ಮೊದಲೇ ಅವನಿಗೂ ಗಾಯವಾಯಿತು, ಅವನ ಜಾಗಕ್ಕೆ ಮತ್ತೊಬ್ಬ ಬಂದ. ನಿಜಾಮರ ಕಾಲ ಮುಗಿದರೂ ಹೈದರಾಬಾದ್ ನಮ್ಮಿಂದ ವಸೂಲಿ ನಿಲ್ಲಿಸಿಲ್ಲ ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಕ್ಕೆವು.

ಇಷ್ಟೆಲ್ಲ ಹೇಳಿದ ಮೇಲೂ ಉಳಿಯುವ ಪ್ರಶ್ನೆಯನ್ನು ಕಲಬುರಗಿಯ ಮುಸ್ಲಿಂ ಚೌಕದಲ್ಲಿ ಟೈರ್ ಅಂಗಡಿಯ ಭಾಯಿ ಒಬ್ಬರು ಒಂದೇ ಸಾಲಿನಲ್ಲಿ ಕೇಳಿದ್ದರು: "ಇಸ್ ಮೇ ಅಪ್ನಾ ಕೌನ್ ಹೈ?" ಇದರಲ್ಲಿ ನಮ್ಮವರು ಯಾರು? ಪಾಂಡೆ ಹುಟ್ಟಿದ್ದು ನೈನಿತಾಲಿನಲ್ಲಿ, ಪಡಿಕ್ಕಲ್ ಕೇರಳದ ಎಡಪ್ಪಾಳದಲ್ಲಿ. ಇಬ್ಬರೂ ಬೆಂಗಳೂರಿನಲ್ಲಿ ಆಟ ಪಳಗಿಸಿಕೊಂಡವರು. ಹರಾಜಿನ ನಿಯಮದಲ್ಲಿ ಒಂದು ಕಲಮು ಇದೆ: ತಂಡ ಯಾವ ಸೀಮೆಯ ಹೆಸರು ಹೊತ್ತಿದೆಯೋ ಆ ಸೀಮೆಯ ಆಟಗಾರರನ್ನೂ ಸೇರಿಸಿಕೊಳ್ಳಬೇಕು. ನನ್ನ ಪ್ರಕಾರ ಪಡಿಕ್ಕಲ್ ಚರ್ಚೆಗಿಂತ ನೂರು ಪಾಲು ಮುಖ್ಯವಾದದ್ದು ಈ ಕಲಮು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ನಮ್ಮ ಭಾಗಕ್ಕೆ ಮೀಸಲಾಯಿತು. ನಮ್ಮ ಮನೆಗಳ ಮಕ್ಕಳು ಡಾಕ್ಟರು, ಎಂಜಿನಿಯರು ಆದದ್ದನ್ನು ಕಣ್ಣಾರೆ ಕಂಡಿದ್ದೇವೆ. ಕ್ರಿಕೆಟ್ಟಿನ ಈ ಸಣ್ಣ ಕಲಮು ಅದರದೇ ತಮ್ಮ. ಆದರೆ ಪಟ್ಟಿಯ ಕೊನೆಯಲ್ಲಿ ಹೆಸರು ಬರೆಸಿ ಬೆಂಚಿನ ಮೇಲೆ ಕೂರಿಸಿದರೆ ಕಲಮಿನ ಅಕ್ಷರ ಪಾಲಿಸಿದಂತಾಯಿತೇ ಹೊರತು ಹುಡುಗನ ಕೈಗೆ ಚೆಂಡು ಬರಲಿಲ್ಲ.

ಕಮಲಾಪುರದಲ್ಲಿ ನನ್ನ ಬಾಲ್ಯದ ಗೆಳೆಯನಿಗೆ ಕೆಂಪು ಬಾಳೆಯ ತೋಟವಿದೆ. ಈ ಊರಿನ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿರುವುದು ನಿಮಗೆ ತಿಳಿದಿರಬಹುದು. ಬೇರೆ ಊರಿನ ಹಣ್ಣು ಕಮಲಾಪುರದ ಹೆಸರು ಹಚ್ಚಿಕೊಂಡು ಮಾರುವಂತಿಲ್ಲ. ಗೆಳೆಯನ ಮಗನಿಗೆ ಹದಿನೇಳು. ಎಡಗೈ ಸ್ಪಿನ್ ಹಾಕುತ್ತಾನೆ. ವಾರಕ್ಕೆ ನಾಲ್ಕು ದಿನ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬಂದು ಅಭ್ಯಾಸ ಮುಗಿಸಿ ಕಾಲೇಜಿಗೆ ಹೋಗುತ್ತಾನೆ. ಬೆಂಗಳೂರಿಗೆ ಕಳಿಸಿದರೆ ಅಲ್ಲಿನ ಕ್ಲಬ್ಬಿನಲ್ಲಿ ಆಡಿ ಕಣ್ಣಿಗೆ ಬೀಳಬಹುದು, ಆಗ ಅವನು ಬೆಂಗಳೂರಿನ ಹುಡುಗನಾಗುತ್ತಾನೆ. ಇಲ್ಲೇ ಉಳಿದರೆ ಕಲಮಿನ ಹುಡುಗ, ನೋಡುವವರು ಬರಬೇಕಷ್ಟೆ. 2022ರಿಂದ 2025ರವರೆಗೆ ಗುಲ್ಬರ್ಗ ಹೆಸರಿನ ತಂಡ ಆಡಿದ್ದು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಎದುರು ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಇಡೀ ಟೂರ್ನಿ ಮೈಸೂರಿಗೆ ಹೋಯಿತು, ನಮಗೆ ಇನ್ನೂ ದೂರವಾಯಿತು.

ಹರಾಜು ಮುಗಿದ ಭಾನುವಾರ ತೋಟಕ್ಕೆ ಹೋಗಿದ್ದೆ. ಹುಡುಗ ಗೊನೆ ಇಳಿಸುತ್ತಿದ್ದ. ನಾನು ಪಡಿಕ್ಕಲ್ ಹೋದದ್ದು, ಉಳಿದ ರೊಕ್ಕದಲ್ಲಿ ಯಾರ್‍ಯಾರು ಬಂದರು ಎಂದು ಶುರುಮಾಡಿದೆ. ಗೆಳೆಯ ಸ್ವಲ್ಪ ಹೊತ್ತು ಕೇಳಿಸಿಕೊಂಡ.

"ಅದು ಇರ್ಲಿ ಮಾರಾಯಾ. ರಾಯಚೂರ ವಲಯದ ಟ್ರಯಲ್ಸ್ ಯಾವಾಗ ಅದಂತ ಯಾರಿಗರ ಕೇಳಿ ಹೇಳು. ಅದರ ಮ್ಯಾಲ ಗೊನಿ ಕಡಿಯೋ ದಿನ ನೋಡ್ಬೇಕು."