ಬಾಂಬ್ ಹುಡುಕಲು ಹೋದವರಿಗೆ ಸಿಕ್ಕ ಮಿಂಚು

1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವಾತಾವರಣದಲ್ಲಿ, ನೀರಿನೊಳಗೆ, ಬಾಹ್ಯಾಕಾಶದಲ್ಲಿ ಪರಮಾಣು ಪರೀಕ್ಷೆ ಕೂಡದು. ಮಾಡಲೇಬೇಕಿದ್ದರೆ ನೆಲದಡಿಯಲ್ಲಿ ಮಾಡಿಕೊಳ್ಳಬೇಕು. ಸಹಿ ಬಿತ್ತು, ನಂಬಿಕೆ ಮಾತ್ರ ಹುಟ್ಟಲಿಲ್ಲ. ಸೋವಿಯತ್ತರು ಚಂದ್ರನ ಆಚೆ ಬದಿಗೆ ಹೋಗಿ ಬಾಂಬ್ ಸಿಡಿಸಿದರೆ ಗತಿಯೇನು ಎಂಬ ಪ್ರಶ್ನೆಯನ್ನು ಅಮೆರಿಕದ ರಕ್ಷಣಾ ತಜ್ಞರು ಗಂಭೀರವಾಗಿಯೇ ಚರ್ಚಿಸಿದರು. ಸ್ಫೋಟದ ಬೆಳಕನ್ನು ಚಂದ್ರ ಮರೆಮಾಡಬಹುದು. ಆದರೆ ಹಬ್ಬುತ್ತಾ ಹೊರಬರುವ ವಿಕಿರಣಶೀಲ ಮೋಡ ಸೂಸುವ ಗಾಮಾ ಕಿರಣಗಳನ್ನು ಮುಚ್ಚಿಡಲಾಗದು. ಆ ಕಿರಣಗಳಿಗಾಗಿ ಕಾದು ಕೂರಲು ‘ವೇಲಾ’ ಎಂಬ ಉಪಗ್ರಹಗಳ ಮೊದಲ ಜೋಡಿ, ಒಪ್ಪಂದ ಜಾರಿಗೆ ಬಂದ ಒಂದು ವಾರದೊಳಗೆ, ಅಂದರೆ ಅಕ್ಟೋಬರ್ ಮಧ್ಯದಲ್ಲಿ ಮೇಲೇರಿತು.

ಬಾಂಬನ್ನೇ ಹೋಲುವ ಸುಳ್ಳು ಎಚ್ಚರಿಕೆ ಆಕಾಶದಿಂದಲೂ ಬರಬಹುದು ಎಂದು ಒಬ್ಬರು ಮೊದಲೇ ಹೇಳಿದ್ದರು. ಅವರು ಸ್ಟರ್ಲಿಂಗ್ ಕೋಲ್ಗೇಟ್, ಟೂತ್‌ಪೇಸ್ಟ್ ಮನೆತನದ ಕುಡಿ, ವೃತ್ತಿಯಿಂದ ಭೌತವಿಜ್ಞಾನಿ. ಪರಮಾಣು ಪರೀಕ್ಷೆ ನಿಷೇಧದ ಕುರಿತ 1959ರ ಜಿನೀವಾ ಮಾತುಕತೆಯಲ್ಲಿ ಅವರು ಎತ್ತಿದ ಪ್ರಶ್ನೆ ಇದು: ಎಲ್ಲೋ ಒಂದು ನಕ್ಷತ್ರ ಸೂಪರ್ನೋವಾ ಆಗಿ ಸಿಡಿದು ಗಾಮಾ ಕಿರಣ ಎರಚಿದರೆ, ಅದನ್ನು ಬಾಂಬ್ ಎಂದು ತಪ್ಪು ತಿಳಿಯುವುದಿಲ್ಲವೇ? ರಾಜತಾಂತ್ರಿಕರಿಗೆ ಇದು ಎಷ್ಟು ಅರ್ಥವಾಯಿತೋ ಏನೋ, ನ್ಯೂಮೆಕ್ಸಿಕೋದ ಲಾಸ್ ಅಲಮೋಸ್ ಪ್ರಯೋಗಾಲಯದವರು ಮಾತ್ರ ಮರೆಯಲಿಲ್ಲ. ವೇಲಾ ಉಪಗ್ರಹಗಳ ಗಾಮಾ ಶೋಧಕಗಳ ಹೊಣೆ ಅವರದೇ ಆಗಿತ್ತು.

ಅಲ್ಲಿನ ರೇ ಕ್ಲೆಬಸಾಡೆಲ್ ಮತ್ತು ರಾಯ್ ಓಲ್ಸನ್ 1969ರಲ್ಲಿ ಹಳೆಯ ದಾಖಲೆಗಳ ಕಟ್ಟು ಬಿಚ್ಚಿ, ಒಂದು ಉಪಗ್ರಹದ ಅಂಕಿಗಳನ್ನು ಇನ್ನೊಂದರ ಪಕ್ಕ ಇಟ್ಟು, ಕೈಯಾರೆ ತಾಳೆ ನೋಡುತ್ತಿದ್ದರು. 1967ರ ಜುಲೈ 2ರ ದಾಖಲೆಯಲ್ಲಿ ಕೈ ನಿಂತಿತು. ಒಂದು ಚೂಪು ಏರಿಕೆ, ಅದರ ಹಿಂದೆಯೇ ಹಲವು ಸೆಕೆಂಡು ಎಳೆದ ಎರಡನೆಯ ಉಬ್ಬು. ಬಾಂಬ್ ಹೀಗೆ ವರ್ತಿಸುವುದಿಲ್ಲ. ಅದರ ಮೊದಲ ಮಿಂಚು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದೊಳಗೆ ಮುಗಿಯುತ್ತದೆ. ಸೂರ್ಯನಲ್ಲೂ ಆ ದಿನ ಹೇಳಿಕೊಳ್ಳುವಂಥ ಗದ್ದಲವಿರಲಿಲ್ಲ.

ಅವರು ತಕ್ಷಣ ಪತ್ರಿಕೆಗೆ ಬರೆಯಲಿಲ್ಲ. ಹೊಸ ವೇಲಾಗಳು ಮೇಲೇರಿದವು. ಅವುಗಳ ಗಡಿಯಾರ ಸೆಕೆಂಡಿನ 64ನೇ ಒಂದು ಭಾಗವನ್ನೂ ಅಳೆಯಬಲ್ಲದಾಗಿತ್ತು. ಈ ಉಪಗ್ರಹಗಳು ಭೂಮಿಯಿಂದ ಲಕ್ಷ ಕಿಲೋಮೀಟರಿಗೂ ಆಚೆ, ಕಕ್ಷೆಯ ಎದುರುಬದುರು ಬದಿಗಳಲ್ಲಿ ಸುತ್ತುತ್ತಿದ್ದವು. ಒಂದೇ ಮಿಂಚು ಒಂದನ್ನು ಮೊದಲು, ಇನ್ನೊಂದನ್ನು ಕೊಂಚ ತಡವಾಗಿ ಮುಟ್ಟಿದರೆ, ಆ ತಡದಿಂದ ಅದು ಬಂದ ದಿಕ್ಕನ್ನು ಅಂದಾಜು ಮಾಡಬಹುದು. ಹಾಗೆ ಲೆಕ್ಕ ಹಾಕಿದಾಗ ಭೂಮಿಯೂ ಅಲ್ಲ, ಸೂರ್ಯನೂ ಅಲ್ಲ ಎಂದು ಖಚಿತವಾಯಿತು. 1973ರ ಜೂನ್‌ನಲ್ಲಿ ಕ್ಲೆಬಸಾಡೆಲ್, ಇಯಾನ್ ಸ್ಟ್ರಾಂಗ್ ಮತ್ತು ಓಲ್ಸನ್ ಪ್ರಕಟಿಸಿದ ಪುಟ್ಟ ಪ್ರಬಂಧದಲ್ಲಿ ಮೂರು ವರ್ಷಗಳಲ್ಲಿ ಕಂಡ 16 ಸ್ಫೋಟಗಳ ವಿವರವಿತ್ತು. ಸೇನೆ ಈ ಗುಟ್ಟನ್ನು ವರ್ಷಗಟ್ಟಲೆ ಬಚ್ಚಿಟ್ಟಿತ್ತು ಎಂಬ ರೋಚಕ ಕಥೆ ಇಂದಿಗೂ ಓಡಾಡುತ್ತಿದೆ. ಕ್ಲೆಬಸಾಡೆಲ್ ಅದನ್ನು ಅಲ್ಲಗಳೆದಿದ್ದಾರೆ. ತಡಕ್ಕೆ ಕಾರಣ ಗುಟ್ಟಲ್ಲ, ಗುಡ್ಡೆಬಿದ್ದ ಕಾಗದ ಮತ್ತು ಆತುರಪಡದ ಸ್ವಭಾವ.

ಮುಂದಿನ ಕಾಲು ಶತಮಾನ ಈ ಕ್ಷೇತ್ರ ಊಹೆಗಳ ಮೇಲೆ ಬದುಕಿತು. ನ್ಯೂಟ್ರಾನ್ ನಕ್ಷತ್ರದ ಮೇಲೆ ಧೂಮಕೇತು ಬಿತ್ತು ಎಂದರು, ನಕ್ಷತ್ರದ ತೊಗಟೆಯೇ ಬಿರಿಯಿತು ಎಂದರು. ರಾಬರ್ಟ್ ನೆಮಿರಾಫ್ ಎಂಬ ಖಗೋಳಜ್ಞ 1994ರಲ್ಲಿ ಪಟ್ಟಿ ಮಾಡಿದಾಗ ಪ್ರಕಟವಾಗಿದ್ದ ಸಿದ್ಧಾಂತಗಳ ಸಂಖ್ಯೆ 118. ಸ್ಫೋಟ ಪಕ್ಕದ ಓಣಿಯದೋ ವಿಶ್ವದ ಅಂಚಿನದೋ ಎಂಬುದೇ ಗೊತ್ತಿಲ್ಲದಿರುವಾಗ ಯಾವ ಸಿದ್ಧಾಂತವನ್ನು ತಾನೇ ತಳ್ಳಿಹಾಕುವುದು?

1991ರ ಏಪ್ರಿಲ್‌ನಲ್ಲಿ ಅಟ್ಲಾಂಟಿಸ್ ನೌಕೆ ಕಾಂಪ್ಟನ್ ವೀಕ್ಷಣಾಲಯವನ್ನು ಕಕ್ಷೆಗೆ ಬಿಟ್ಟಿತು. ಅದರ ಎಂಟು ಮೂಲೆಗಳಲ್ಲಿ ಕೂರಿಸಿದ ‘ಬ್ಯಾಟ್ಸಿ’ ಶೋಧಕಗಳು ಹೆಚ್ಚುಕಡಿಮೆ ದಿನಕ್ಕೊಂದರಂತೆ ಒಂಬತ್ತು ವರ್ಷಗಳಲ್ಲಿ 2,704 ಸ್ಫೋಟಗಳನ್ನು ದಾಖಲಿಸಿದವು. ನಕ್ಷೆಯ ಮೇಲೆ ಚುಕ್ಕಿ ಇಡುತ್ತಾ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ನಮ್ಮ ಆಕಾಶಗಂಗೆ ಚಪ್ಪಟೆ ತಟ್ಟೆ. ಅದರೊಳಗಿನ ವಸ್ತುಗಳಾಗಿದ್ದರೆ ಚುಕ್ಕಿಗಳು ಒಂದು ಪಟ್ಟಿಯಲ್ಲಿ ಒತ್ತಾಗಬೇಕಿತ್ತು. ಅವು ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲಿಕೊಂಡಿದ್ದವು. ಇದೇ ದತ್ತಾಂಶದಿಂದ ಇನ್ನೊಂದು ವಿಂಗಡಣೆಯೂ ಹುಟ್ಟಿತು: 2 ಸೆಕೆಂಡಿಗಿಂತ ಚಿಕ್ಕವು ಒಂದು ಜಾತಿ, ದೊಡ್ಡವು ಇನ್ನೊಂದು.

ಪೋಲೆಂಡ್ ಮೂಲದ ಬೋಹ್ದಾನ್ ಪಚಿನ್ಸ್ಕಿ 1986ರಿಂದಲೇ ಇವು ಶತಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದವು ಎನ್ನುತ್ತಿದ್ದರು. 1995ರ ಏಪ್ರಿಲ್ 22ರಂದು ವಾಷಿಂಗ್ಟನ್‌ನಲ್ಲಿ ಇದರ ಮೇಲೆ ಬಹಿರಂಗ ಚರ್ಚೆಯೇ ನಡೆಯಿತು. ಎದುರಾಳಿ ಡೊನಾಲ್ಡ್ ಲ್ಯಾಂಬ್, ಅಧ್ಯಕ್ಷತೆ ಮಾರ್ಟಿನ್ ರೀಸ್. ಲ್ಯಾಂಬ್ ಪ್ರಕಾರ ಸ್ಫೋಟಗಳು ಆಕಾಶಗಂಗೆಯನ್ನು ಸುತ್ತುವರಿದ ವಿಶಾಲ ಹೊರವಲಯದವು. ಸಭೆ ಮುಗಿದಾಗ ಯಾರೂ ಸೋತಿರಲಿಲ್ಲ, ಯಾರೂ ಗೆದ್ದಿರಲಿಲ್ಲ.

ತೊಡಕು ಇದ್ದದ್ದು ವಿಳಾಸದಲ್ಲಿ. ಗಾಮಾ ಕಿರಣಗಳನ್ನು ಮಾಮೂಲಿ ಕನ್ನಡಿಯಿಂದ ಒಂದೆಡೆ ಕೇಂದ್ರೀಕರಿಸಲಾಗದು, ಅವು ತೂರಿಕೊಂಡು ಹೋಗುತ್ತವೆ. ಬ್ಯಾಟ್ಸಿ ಕೊಡುತ್ತಿದ್ದ ದಿಕ್ಕಿನಲ್ಲಿ ಹಲವು ಡಿಗ್ರಿಗಳ ಅನುಮಾನ. ಹುಣ್ಣಿಮೆ ಚಂದ್ರನ ನೂರಾರು ಬಿಲ್ಲೆ ಹಿಡಿಸುವಷ್ಟು ಜಾಗ. ‘ಧಾರವಾಡ ಜಿಲ್ಲೆ’ ಎಂದಷ್ಟೇ ಬರೆದ ಕಾಗದವನ್ನು ಅಂಚೆಯವನ ಕೈಗಿಟ್ಟಂತೆ. ಸ್ಫೋಟ ಮುಗಿದ ಮೇಲೂ ಅದೇ ಜಾಗದಲ್ಲಿ ಮಸುಕಾದ ಬೆಳಕೊಂದು ಕೆಲ ದಿನ ಉಳಿಯುತ್ತದೆ ಎಂದು ಸಿದ್ಧಾಂತಿಗಳು ಹೇಳುತ್ತಿದ್ದರು. ಸಿಡಿದು ಹೊಮ್ಮಿದ ವಸ್ತು ಸುತ್ತಲಿನ ಅನಿಲಕ್ಕೆ ಅಪ್ಪಳಿಸಿ ನಿಧಾನವಾಗುವಾಗ ಮೊದಲು ಎಕ್ಸ್ ಕಿರಣ, ಆಮೇಲೆ ಬೆಳಕು, ಕೊನೆಗೆ ರೇಡಿಯೋ ಅಲೆಗಳನ್ನು ಸೂಸುತ್ತದೆ. ಖಗೋಳಜ್ಞರ ಬಾಯಲ್ಲಿ ಅದು ಆಫ್ಟರ್‌ಗ್ಲೋ. ಇಲ್ಲಿ ಉಳಿಬೆಳಕು ಎನ್ನೋಣ. ಅದು ಆರುವ ಮೊದಲು ಸರಿಯಾದ ಜಾಗಕ್ಕೆ ದೂರದರ್ಶಕ ತಿರುಗಬೇಕು. ವಿಳಾಸ ಸಿಗುವ ಹೊತ್ತಿಗೆ ಬೆಳಕು ಆರಿರುತ್ತಿತ್ತು. ಬೆಳಕಿದ್ದಾಗ ವಿಳಾಸ ಇರುತ್ತಿರಲಿಲ್ಲ.

ಆ ಗಂಟನ್ನು ಬಿಡಿಸಿದ್ದು ದೈತ್ಯ ಯಂತ್ರವಲ್ಲ. ಇಟಲಿ ಮತ್ತು ನೆದರ್ಲೆಂಡ್ಸ್ ಸೇರಿ 1996ರ ಏಪ್ರಿಲ್‌ನಲ್ಲಿ ಹಾರಿಸಿದ ಬೆಪ್ಪೊಸ್ಯಾಕ್ಸ್ ಉಪಗ್ರಹ ಎಕ್ಸ್ ಕಿರಣಗಳ ಅಧ್ಯಯನಕ್ಕೆಂದು ಹುಟ್ಟಿದ್ದು. ಅದರ ಗಾಮಾ ಶೋಧಕವಂತೂ ಬೇರೊಂದು ಉಪಕರಣವನ್ನು ಬೇಡದ ಕಣಗಳಿಂದ ಕಾಯಲು ಇಟ್ಟಿದ್ದ ಕವಚದಿಂದ ಮಾಡಿಕೊಂಡ ವ್ಯವಸ್ಥೆ. ಆದರೆ ಜೊತೆಗೆ ಅಗಲ ನೋಟದ ಎಕ್ಸ್ ಕಿರಣ ಕ್ಯಾಮೆರಾಗಳಿದ್ದವು. ಕವಚ ಕೂಗಿದಾಗಲೇ ಕ್ಯಾಮೆರಾದಲ್ಲೂ ಚುಕ್ಕಿ ಮೂಡಿದರೆ ವಿಳಾಸ ಸಿಕ್ಕಂತೆ.

1997ರ ಫೆಬ್ರವರಿ 28ರ ನಸುಕಿನಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ದಿಕ್ಕಿನಿಂದ ಹಾಗೊಂದು ಮಿಂಚು ಬಂತು. ರೋಮ್‌ನ ನಿಯಂತ್ರಣ ಕೇಂದ್ರದವರು ಇಡೀ ಉಪಗ್ರಹವನ್ನೇ ತಿರುಗಿಸಿ, ಎಂಟು ಗಂಟೆಗಳಲ್ಲಿ ಸೂಕ್ಷ್ಮ ದೂರದರ್ಶಕವನ್ನು ಅತ್ತ ನೆಟ್ಟರು. ಹೊಸದೊಂದು ಎಕ್ಸ್ ಕಿರಣ ಮೂಲ ಅಲ್ಲಿತ್ತು. ಕೆಲ ದಿನ ಬಿಟ್ಟು ನೋಡಿದಾಗ ಸೊರಗಿತ್ತು. ಅಷ್ಟರಲ್ಲಿ ಸುದ್ದಿ ಆಮ್‌ಸ್ಟರ್‌ಡಾಮ್ ತಲುಪಿತ್ತು. ಅಲ್ಲಿನ ಯಾನ್ ವಾನ್ ಪಾರಾಡೈಸ್ ಅವರ ತಂಡದ ವಿದ್ಯಾರ್ಥಿಗಳಾದ ಪಾಲ್ ಗ್ರೂಟ್ ಮತ್ತು ಟೈಟಸ್ ಗಲಾಮಾ, ಲಾ ಪಾಲ್ಮಾ ದ್ವೀಪದ 4.2 ಮೀಟರ್ ವಿಲಿಯಂ ಹರ್ಷೆಲ್ ದೂರದರ್ಶಕದಲ್ಲಿ ಅದೇ ರಾತ್ರಿ ಚಿತ್ರ ತೆಗೆಯುವಂತೆ ಏರ್ಪಾಡು ಮಾಡಿದರು. ಸ್ಫೋಟವಾಗಿ ಆಗ ಸುಮಾರು 21 ಗಂಟೆ. ಮಾರ್ಚ್ 8ರಂದು ಅದೇ ಜಾಗದ ಇನ್ನೊಂದು ಚಿತ್ರ ಬಂತು. ಎರಡನ್ನೂ ಹೋಲಿಸಿದಾಗ ಮೊದಲನೆಯದರಲ್ಲಿದ್ದ ಒಂದು ಚುಕ್ಕಿ ಎರಡನೆಯದರಲ್ಲಿ ಇರಲಿಲ್ಲ. ವೇಲಾದ ಮೊದಲ ಮಿಂಚಿನಿಂದ 30 ವರ್ಷಗಳ ಮೇಲೆ ಮನುಷ್ಯರಿಗೆ ದಕ್ಕಿದ ಮೊದಲ ಉಳಿಬೆಳಕು ಅದು.

ದೂರ ಇನ್ನೂ ಗೊತ್ತಾಗಿರಲಿಲ್ಲ. ಹತ್ತೇ ವಾರಗಳಲ್ಲಿ, ಮೇ 8ರಂದು, ಬೆಪ್ಪೊಸ್ಯಾಕ್ಸ್ ಇನ್ನೊಂದನ್ನು ಹಿಡಿಯಿತು. ಈ ಬಾರಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ತಂಡ ಸಿದ್ಧವಾಗಿತ್ತು. ಆ ತಂಡದ ಮುಂದಾಳುಗಳಲ್ಲಿ ಒಬ್ಬರು ಶ್ರೀನಿವಾಸ ಕುಲಕರ್ಣಿ: ಹುಬ್ಬಳ್ಳಿಯಲ್ಲಿ ಬೆಳೆದು ಓದಿದವರು, ಸುಧಾ ಮೂರ್ತಿಯವರ ತಮ್ಮ, ಅಷ್ಟು ಹೊತ್ತಿಗಾಗಲೇ ಅತಿ ವೇಗವಾಗಿ ತಿರುಗುವ ಪಲ್ಸಾರ್‌ನ ಶೋಧದಲ್ಲಿ ಪಾಲುಗೊಂಡು ಹೆಸರಾದವರು. ಹವಾಯಿಯ 10 ಮೀಟರ್ ಕೆಕ್ ದೂರದರ್ಶಕದಲ್ಲಿ ಮಾರ್ಕ್ ಮೆಟ್ಜ್‌ಗರ್ ಆ ಬೆಳಕಿನ ರೋಹಿತ ತೆಗೆದರು. ಅದರಲ್ಲಿ ಕಬ್ಬಿಣ ಮತ್ತು ಮೆಗ್ನೀಸಿಯಂ ಹೀರಿಕೊಂಡ ಗೆರೆಗಳಿದ್ದವು, ಇರಬೇಕಾದ ಜಾಗದಿಂದ ಬಹಳ ಕೆಂಪಿನತ್ತ ಸರಿದು. ಪಲ್ಲಟದ ಮೊತ್ತ 0.835. ಅಂದರೆ ಬೆಳಕು ಕನಿಷ್ಠ ಸುಮಾರು 700 ಕೋಟಿ ವರ್ಷ ಪಯಣಿಸಿ ಬಂದಿದೆ. ವಾಷಿಂಗ್ಟನ್ ಸಭೆಯಲ್ಲಿ ಇತ್ಯರ್ಥವಾಗದ ವಾದ ಈ ಕೆಲವೇ ಗೆರೆಗಳಲ್ಲಿ ಮುಗಿಯಿತು. ಪಚಿನ್ಸ್ಕಿ ಹೇಳಿದ್ದೇ ನಿಜವಾಗಿತ್ತು.

ಇದೇ ಸ್ಫೋಟದ ರೇಡಿಯೋ ಅಲೆಗಳನ್ನು ಡೇಲ್ ಫ್ರೇಲ್ ನ್ಯೂಮೆಕ್ಸಿಕೋದ ಆಂಟೆನಾ ಸಾಲಿನಲ್ಲಿ ಹಿಡಿದರು. ಅಲ್ಲಿ ಕಂಡದ್ದು, ಈ ಲೇಖಕನ ಲೆಕ್ಕದಲ್ಲಿ, ಇಡೀ ಚರಿತ್ರೆಯ ಅತಿ ಜಾಣ ಅಳತೆ. ಮೊದಮೊದಲು ಆ ಮೂಲ ಮಿನುಗುತ್ತಿತ್ತು. ತಿಂಗಳಾಗುವ ಹೊತ್ತಿಗೆ ಮಿನುಗು ತಗ್ಗಿತು. ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ, ಏಕೆಂದರೆ ಗ್ರಹದ ಬಿಲ್ಲೆ ನಮ್ಮ ಕಣ್ಣಿಗೆ ದೊಡ್ಡದು. ಹಾಗಾದರೆ ಈ ಬೆಂಕಿಯುಂಡೆಯೂ ತಿಂಗಳಲ್ಲಿ ಹಿಗ್ಗಿದೆ. ಎಷ್ಟು ಹಿಗ್ಗಿದೆ ಎಂದು ಲೆಕ್ಕ ಹಾಕಿದರೆ ವೇಗ ಬೆಳಕಿನ ಹತ್ತಿರಕ್ಕೆ ಬರುತ್ತದೆ.

ಇಲ್ಲಿಂದ ಮುಂದೆ ಈ ಕಸುಬು ಓಟದ ಪಂದ್ಯವಾಯಿತು. ಸ್ಕಾಟ್ ಬಾರ್ತೆಲ್ಮಿ ಎಂಬವರು ನಾಸಾದಲ್ಲಿ ಕಟ್ಟಿದ ಜಾಲ ಉಪಗ್ರಹದ ಸುದ್ದಿಯನ್ನು ಮನುಷ್ಯರ ಕೈ ತಾಗದೆ ನೇರವಾಗಿ ದೂರದರ್ಶಕಗಳ ಕಂಪ್ಯೂಟರಿಗೇ ರವಾನಿಸುತ್ತಿತ್ತು. 1999ರ ಜನವರಿ 23ರಂದು ಅಂಥ ಸುದ್ದಿ ಲಾಸ್ ಅಲಮೋಸ್‌ನ ‘ರೋಟ್ಸಿ’ಯನ್ನು ಮುಟ್ಟಿತು. ರೋಟ್ಸಿ ಎಂದರೆ ಕ್ಯಾಮೆರಾದ ನಾಲ್ಕು ಟೆಲಿಫೋಟೋ ಲೆನ್ಸುಗಳನ್ನು ಒಂದೇ ತಿರುಗು ಪೀಠಕ್ಕೆ ಬಿಗಿದ ಸಾಧನ, ಅಷ್ಟೇ. ಸ್ಫೋಟ ಶುರುವಾದ 22 ಸೆಕೆಂಡಿಗೆ ಅದು ಚಿತ್ರ ತೆಗೆಯತೊಡಗಿತ್ತು. ಗಾಮಾ ಕಿರಣ ಇನ್ನೂ ಸುರಿಯುತ್ತಲೇ ಇತ್ತು. 900 ಕೋಟಿ ವರ್ಷಕ್ಕೂ ಹಿಂದೆ ಹೊರಟ ಆ ಬೆಳಕು ಕೆಲ ಕ್ಷಣ ಬೈನಾಕ್ಯುಲರ್‌ಗೂ ಎಟುಕುವಷ್ಟು ಪ್ರಖರವಾಗಿತ್ತು. ಎಲ್ಲ ದಿಕ್ಕಿಗೂ ಹೀಗೆಯೇ ಚೆಲ್ಲಿದ್ದರೆ ಸೂರ್ಯನಷ್ಟು ದ್ರವ್ಯವನ್ನು ಪೂರ್ತಿ ಶಕ್ತಿಯಾಗಿಸಿದರೂ ಲೆಕ್ಕಕ್ಕೆ ಸಾಲದು. ಕುಲಕರ್ಣಿಯವರ ತಂಡ ಉಳಿಬೆಳಕು ಕುಂದಿದ ರೀತಿ ನೋಡಿ, ಶಕ್ತಿ ಕಿರಿದಾದ ಚಿಲುಮೆಯಾಗಿ ಹೊಮ್ಮಿರಬೇಕೆಂದು ಸೂಚಿಸಿತು. ಚಿಲುಮೆಯ ಬಾಯಿ ನಮ್ಮತ್ತ ಇದ್ದಾಗ ಮಾತ್ರ ನಮಗೆ ಮಿಂಚು. ಉತ್ತರಾಖಂಡದ ನೈನಿತಾಲ್‌ನ 104 ಸೆಂಟಿಮೀಟರ್ ದೂರದರ್ಶಕವೂ ಈ ಉಳಿಬೆಳಕನ್ನು ಹಿಂಬಾಲಿಸಿತು.

ಭಾರತಕ್ಕೆ ಈ ಆಸೆ ಹಳೆಯದು. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದವರು ಗಾಮಾ ಸ್ಫೋಟದ ಶೋಧಕವನ್ನು ಸ್ರಾಸ್ ಸರಣಿಯ ಪುಟ್ಟ ಉಪಗ್ರಹಗಳಲ್ಲಿ ಇಟ್ಟು ಕಳಿಸುತ್ತಿದ್ದರು. 1987 ಮತ್ತು 1988ರಲ್ಲಿ ಎಎಸ್‌ಎಲ್‌ವಿ ರಾಕೆಟ್ಟೇ ಕೈಕೊಟ್ಟು ಎರಡೂ ಕಕ್ಷೆ ಸೇರಲಿಲ್ಲ. 1994ರ ಮೇ ತಿಂಗಳಲ್ಲಿ ಮೇಲೇರಿದ ಸ್ರಾಸ್-ಸಿ2 ಹಲವು ಸ್ಫೋಟಗಳನ್ನು ಗುರುತಿಸಿತು. ಮುಂದೆ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕ ಬಂತು. ಅದನ್ನು ನಡೆಸುವವರು ಕೂರುವುದು ಹೊಸಕೋಟೆಯಲ್ಲಿ. ಆಜ್ಞೆಗಳು ಉಪಗ್ರಹದ ಮೂಲಕ ಹಾನ್ಲೆಗೆ ಹೋಗುತ್ತವೆ, ಚಿತ್ರಗಳು ಹಿಂದಿರುಗುತ್ತವೆ. ಗಾಮಾ ಸ್ಫೋಟಗಳ ಉಳಿಬೆಳಕನ್ನು ಅರಸುವ ಕೆಲಸ ಅದಕ್ಕೆ ಮೊದಲಿನಿಂದಲೂ ಇದೆ.

2004ರಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹ ಕಾಯುವ ಕೆಲಸವನ್ನೇ ಬದಲಿಸಿತು. ಸ್ಫೋಟ ಕಂಡ ಒಂದೆರಡು ನಿಮಿಷದಲ್ಲಿ ಅದು ತಾನೇ ತಿರುಗಿ, ತನ್ನ ಎಕ್ಸ್ ಕಿರಣ ದೂರದರ್ಶಕದಿಂದ ನಿಖರ ಜಾಗ ಗುರುತಿಸಿ ಎಲ್ಲರಿಗೂ ಕಳಿಸುತ್ತದೆ. 2008ರ ಮಾರ್ಚ್ 19ರ ಸ್ಫೋಟದಲ್ಲಿ ಅದೃಷ್ಟವೂ ಸೇರಿಕೊಂಡಿತು. ಅರ್ಧ ಗಂಟೆ ಮುಂಚೆ ಅದೇ ದಿಕ್ಕಿನ ಬೇರೊಂದು ಸ್ಫೋಟಕ್ಕಾಗಿ ಕ್ಯಾಮೆರಾಗಳು ಅತ್ತ ತಿರುಗಿದ್ದವು. 750 ಕೋಟಿ ವರ್ಷ ಹಳೆಯ ಆ ಬೆಳಕು, ಕತ್ತಲ ಊರಿನಲ್ಲಿ ಆ ಕ್ಷಣ ತಲೆಯೆತ್ತಿದವರಿದ್ದರೆ, ಬರಿಗಣ್ಣಿಗೇ ಕಾಣಿಸುವಷ್ಟಿತ್ತು.

ಆಸ್ಟ್ರೋಸ್ಯಾಟ್‌ನದು ಬೇರೆ ದಾರಿ. 2015ರ ಸೆಪ್ಟೆಂಬರ್ 28ರಂದು ಹಾರಿದ, ಬೆಂಗಳೂರಿನಿಂದ ನಿಯಂತ್ರಿತವಾಗುವ ಈ ವೀಕ್ಷಣಾಲಯದ ಒಂದು ಉಪಕರಣ ‘ಸಿಜ಼ೆಡ್‌ಟಿಐ’. ಹೆಚ್ಚು ಶಕ್ತಿಯ ಕಿರಣಗಳು ಉಪಗ್ರಹದ ಒಡಲನ್ನೇ ತೂರಿ ಬರುವುದರಿಂದ ಅದು ನೋಡದ ದಿಕ್ಕಿನ ಸ್ಫೋಟವನ್ನೂ ಹಿಡಿಯುತ್ತದೆ. ಚಾಲೂ ಆದ ಮೊದಲ ದಿನ, ಅಕ್ಟೋಬರ್ 6ರಂದೇ, ಒಂದು ಸಿಕ್ಕಿತು. 2017ರ ಜನವರಿಯಲ್ಲಿ ಅದು ಒಂದು ಗೊಂದಲವನ್ನೇ ಬಗೆಹರಿಸಿತು. ಜನವರಿ 4ರಂದು ಗುರುತ್ವ ಅಲೆಯೊಂದು ದಾಖಲಾಗಿತ್ತು; ಮರುದಿನವೇ ಆ ದಿಕ್ಕಿನಲ್ಲಿ ಹವಾಯಿಯ ದೂರದರ್ಶಕಕ್ಕೆ ಮಸುಕಾಗುತ್ತಿರುವ ಹೊಸ ಬೆಳಕು ಕಂಡಿತು. ಎರಡಕ್ಕೂ ನಂಟು ಹಾಕುವ ಆತುರ ಸಹಜವೇ. ಗುರುತ್ವ ಅಲೆ ಬಂದು ಸುಮಾರು 21 ಗಂಟೆಗಳ ಮೇಲೆ ಅಲ್ಲಿಯೇ ಗಾಮಾ ಸ್ಫೋಟವೊಂದು ನಡೆದಿದ್ದನ್ನು ಆಸ್ಟ್ರೋಸ್ಯಾಟ್ ದತ್ತಾಂಶ ತೋರಿಸಿತು. ಬೆಳಕು ಅದರದು, ಅಲೆಯದಲ್ಲ.

ನಿಜವಾದ ನಂಟು ಅದೇ ವರ್ಷದ ಆಗಸ್ಟ್ 17ರಂದು ಬಂತು. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದ ಗುರುತ್ವ ಅಲೆ ಮುಟ್ಟಿ 1.7 ಸೆಕೆಂಡಿಗೆ ಫರ್ಮಿ ಉಪಗ್ರಹ ಚಿಕ್ಕ ಗಾಮಾ ಸ್ಫೋಟವನ್ನು ಕಂಡಿತು. ಚಿಕ್ಕವು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯವು, ದೊಡ್ಡವು ಭಾರೀ ನಕ್ಷತ್ರಗಳ ಸಾವಿನವು ಎಂಬ ಪಾಠ ಗಟ್ಟಿಯಾಯಿತು. ನಾಲ್ಕೇ ವರ್ಷ. 2021ರ ಡಿಸೆಂಬರ್ 11ರಂದು ಬಂದ ಸ್ಫೋಟ ಸುಮಾರು ಒಂದು ನಿಮಿಷ ಉರಿಯಿತು. ಪಾಠದ ಪ್ರಕಾರ ಸೂಪರ್ನೋವಾ ಕಾಣಬೇಕಿತ್ತು. ನೈನಿತಾಲ್ ಬಳಿಯ ದೇವಸ್ಥಲದ 3.6 ಮೀಟರ್ ದೂರದರ್ಶಕವೂ ಸೇರಿ ಹಲವು ಕಡೆಯವರು ನೋಡಿದಾಗ ಕಂಡದ್ದು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯ ಗುರುತು. ಬ್ಯಾಟ್ಸಿ ಕಾಲದಲ್ಲಿ ಎಳೆದ 2 ಸೆಕೆಂಡಿನ ಗೆರೆಯನ್ನು ಈಗ ಮತ್ತೆ ಎಳೆಯಬೇಕಾಗಿದೆ. ಎಲ್ಲಿ ಎಂಬುದರ ಬಗ್ಗೆ ಒಮ್ಮತವಿಲ್ಲ.